ಇತೆಲ್‌ನ ಕಲ್ಲು

ದೆವ್ವ ಭೂತ ಅಂದರೆ ನಗುವವಳೇ ನಾನು. ಆದರೆ ನನ್ನ ಅಂಗೈಗೆ ಗೊತ್ತಾದದ್ದನ್ನು ಇಲ್ಲ ಅನ್ನಲಾರೆ.

ನನ್ನ ಗಂಡ ಇತೆಲ್, ನಮ್ಮ ಕಡಲತೀರದ ಊರು ಕಾನ್ವಿಯಿಂದ ದೋಣಿಯಲ್ಲಿ ಕಪ್ಪೆಚಿಪ್ಪು ಬಾಚಲು ಹೋದವನು ಮರಳಲಿಲ್ಲ, ಹೆಣವೂ ಸಿಗಲಿಲ್ಲ. ಊರ ಕೋಟೆಯಾಚೆ ಗುಡ್ಡದ ಇಗರ್ಜಿಯ ಅಂಗಳದಲ್ಲಿ ಅವನ ಹೆಸರಿನ ಕಲ್ಲಷ್ಟೇ ಇದೆ, ಕೆಳಗೆ ಬರೀ ಮಣ್ಣು.

ಸಮಾಧಿಗಳಿಗೆ ಹೂವಿಡುವ ಹೂವಿನ ಭಾನುವಾರದ ಹಿಂದಿನ ದಿನ ನಾವೆಲ್ಲ ನಮ್ಮವರ ಸಮಾಧಿ ತೊಳೆಯುತ್ತೇವೆ. ಆ ಮೊದಲ ವರ್ಷ ಪಕ್ಕದಲ್ಲೇ ಲೌರಿ ದೊಡ್ಡಮ್ಮ ತನ್ನ ಗಂಡನ ಕಲ್ಲು ಉಜ್ಜುತ್ತಿದ್ದಳು.

"ಬದುಕಿದ್ದಾಗ ಅವನ ಬೆನ್ನು ಒಂದು ದಿನವಾದ್ರೂ ಹೀಗೆ ಉಜ್ಜಿದ್ಯೇನೇ?" ಅಂದಳು ನನ್ನತ್ತ ತಿರುಗಿ.

ನಗಲು ಹೋದೆ, ಆಗಲಿಲ್ಲ. "ದೊಡ್ಡಮ್ಮ, ಈ ಕಲ್ಲು ಮುಟ್ಟಿ ನೋಡು. ಬೆಚ್ಚಗಿದೆ."

ಬಿಸಿಲಿರಲಿಲ್ಲ. ಬಕೆಟ್ಟಿನ ನೀರಿಗೆ ನಮ್ಮ ಬೆರಳು ಮರಗಟ್ಟಿದ್ದವು. ದೊಡ್ಡಮ್ಮ ಇತೆಲ್‌ನ ಹೆಸರಿನ ಕೆಳಗೆ ಅಂಗೈ ಇಟ್ಟಳು, ತುಂಬ ಹೊತ್ತು ತೆಗೆಯಲಿಲ್ಲ.

"ನಿನ್ನೋನು ಇಲ್ಲಿ ಇಲ್ವೇ ಇಲ್ಲ. ನನ್ನೋನು ಇಲ್ಲೇ ಮಲಗಿದಾನೆ, ಇಪ್ಪತ್ತು ವರ್ಷದಿಂದ ಉಜ್ತಿದೀನಿ. ಒಂದು ಸಲನಾದ್ರೂ ಬೆಚ್ಚಗಾಗ್ಲಿಲ್ಲ, ಹಾಳಾದೋನು," ಅಂತ ಅತ್ತಳು.

ಆಮೇಲೆ ಪ್ರತಿ ವರ್ಷ ಮೊದಲು ಇತೆಲ್‌ನ ಕಲ್ಲಿಗೆ ಬಂದು, ಅದೇ ಜಾಗದಲ್ಲಿ ಅಂಗೈ ಕಾಯಿಸಿಕೊಂಡೇ ತನ್ನ ಗಂಡನ ಕಲ್ಲಿಗೆ ಕೈ ಹಚ್ಚುತ್ತಿದ್ದಳು.

ಹೋದ ಚಳಿಗಾಲ ಅವಳನ್ನು ಗಂಡನ ಪಕ್ಕದಲ್ಲೇ, ಅದೇ ಕಲ್ಲಿನಡಿ ಮಣ್ಣು ಮಾಡಿದೆವು. ಮೊನ್ನೆ ಎರಡೂ ಕಲ್ಲು ನಾನೇ ತೊಳೆದೆ. ಅವರಿಬ್ಬರದು ತಣ್ಣಗಿತ್ತು. ಈ ಸಲ ಇತೆಲ್‌ನದೂ ತಣ್ಣಗಿತ್ತು, ದೊಡ್ಡಮ್ಮ ಅಂಗೈ ಇಡುತ್ತಿದ್ದ ಅಷ್ಟು ಜಾಗ ಬಿಟ್ಟು.