ಮೂರು ಸಲ ಬಿಚ್ಚಿದ ಗ್ಲೌಸು

"ಕೈ ಇಡಿ ಇಲ್ಲಿ," ಅಂದೆ. ಮೇಜಿನ ಮೇಲೆ ಹಳೇ ಪೇಪರ್ ಹಾಸಿದ್ದೆ.

"ಯಾವ ಕೈ?"

"ಎರಡೂ. ಒಂದೊಂದಾಗಿ."

ಅವನು ಬಲಗೈ ಇಟ್ಟ. ನಾನು ಪೆನ್ಸಿಲ್ ಹಿಡಿದು ಹೆಬ್ಬೆರಳಿನ ಬುಡದಿಂದ ಗೆರೆ ಎಳೆಯತೊಡಗಿದೆ. ತೋಳಿಗೆ ಒಂದು ಬಣ್ಣ, ಮಣಿಕಟ್ಟಿನಿಂದ ಕೆಳಗೆ ಸುಟ್ಟ ಬದನೆಕಾಯಿ ಬಣ್ಣ. ಕ್ಯಾಸಂಬಳ್ಳಿಯ ವೆಂಕಿ, ಹಾಲು ಕರೆಯುವ ಮೆಷಿನ್ ರಿಪೇರಿ ಮಾಡುವವನು. ಉರಿಬಿಸಿಲಲ್ಲಿ ಬಂಗಾರಪೇಟೆವರೆಗೂ ಊರೂರು ಬೈಕಲ್ಲಿ ಸುತ್ತುವ ಕೈ ಇನ್ನು ಹೇಗಿರುತ್ತೆ?

"ಕಚಗುಳಿ ಆಯ್ತದೆ ಕಣ್ರೀ."

"ಅಲ್ಲಾಡಿದ್ರೆ ಆರು ಬೆರಳಿನ ಗ್ಲೌಸ್ ಹೊಲಿದುಬಿಡ್ತೀನಿ."

ಅವನು ಅಲ್ಲಾಡಲಿಲ್ಲ. ಆದರೆ ಅವನ ಕಣ್ಣು ಪೇಪರ್ ಮೇಲಿರಲಿಲ್ಲ, ನನ್ನ ಮೇಲಿತ್ತು. ನಾನು ನೋಡದವಳ ಹಾಗೆ ನೋಡಿದೆ. ಸುಳ್ಳು ಯಾಕೆ ಹೇಳಲಿ, ಅವನ ಕಿರುಬೆರಳಿನ ಸುತ್ತ ಎರಡು ಸಲ ಗೆರೆ ಎಳೆದೆ.

ಅವನನ್ನು ಕೋರಮಂಡಲ್‌ನ ಗಣಿ ಕಾರ್ಮಿಕರ ಸಾಲಿನಲ್ಲಿರುವ ನಮ್ಮ ಲೈನ್ ಮನೆಗೆ ಕಳಿಸಿದ್ದು ಕೋದಂಡಪ್ಪ. ಪೇಟೆಯಲ್ಲಿ ಬೈಕ್ ಸಾಮಾನಿನ ಅಂಗಡಿ ಅವರದು. ನಾನು ಅಲ್ಲಿಯವರೆಗೆ ಬೇರೆ ಕಂಪನಿಯವರ ಹೆಸರಲ್ಲಿ ಮಾರುವ ಸ್ಕೂಲ್ ಬ್ಯಾಗ್ ಹೊಲಿಯುತ್ತಿದ್ದವಳು. ಬೈಕಿನವರು ಲೆದರ್ ಗ್ಲೌಸ್ ಹಾಕಿಕೊಂಡರೆ ನಮ್ಮ ಬಿಸಿಲಿಗೆ ಕೈ ಬೇಯಿಸಿದ ಕಡಲೆಕಾಯಿ ಆಗುತ್ತೆ. ಅದಕ್ಕೇ ಅಂಗೈಗೆ ದಪ್ಪ ಕಾಟನ್, ಮೇಲುಗಡೆ ಗಾಳಿಯಾಡುವ ಜಾಲರಿ ಬಟ್ಟೆ ಕೊಟ್ಟು ಒಂದು ಜೊತೆ ಹೊಲಿದು ಅವರಿಗೆ ತೋರಿಸಿದ್ದೆ.

"ಚೆನ್ನಾಗೈತೆ ಕಣಮ್ಮ ಸೆಲ್ವಿ," ಅಂದಿದ್ದರು. "ಆದ್ರೆ ಒಬ್ರಿಗೆ ಒಲ್ಕೊಡು. ಒಂದು ತಿಂಗ್ಳು ಆಕ್ಕೊಂಡು ಓಡಾಡ್ಲಿ. ಒಲಿಗೆ ಬಿಚ್ಲಿಲ್ಲ ಅಂದ್ರೆ ನನ್ ಅಂಗ್ಡೀಲಿ ತೂಗಾಕ್ತೀನಿ."

ನನ್ನ ಹೊಲಿಗೆ, ನನ್ನ ಹೆಸರು, ಪೇಟೆ ಅಂಗಡಿಯಲ್ಲಿ! ಸಂತೋಷಕ್ಕೆ ಆವತ್ತು ಊಟ ಸೇರಲಿಲ್ಲ.

ಎಂಟನೇ ದಿನಕ್ಕೇ ವೆಂಕಿ ಬಾಗಿಲಲ್ಲಿ ನಿಂತಿದ್ದ. ಹೆಬ್ಬೆರಳಿನ ಹೊಲಿಗೆ ಬಿಚ್ಚಿತ್ತು. ನನ್ನ ಜೀವ ಹೋದ ಹಾಗಾಯಿತು. ಅವನಿಗೆ ಮಾತ್ರ ಮದುವೆಮನೆಯ ಕಳೆ.

"ನಿಧಾನಕ್ಕೆ ಒಲೀರಿ, ನಂಗೇನ್ ಅರ್ಜೆಂಟಿಲ್ಲ," ಅಂತ ಆರಾಮಾಗಿ ಕೂತು ಅಮ್ಮ ಕೊಟ್ಟ ಟೀ ಕುಡಿದ. ನಾನು ಸೂಜಿಗೆ ದಾರ ಪೋಣಿಸುವುದನ್ನು ಎವೆಯಿಕ್ಕದೆ ನೋಡಿದ. ಮೂರು ಸಲ ದಾರ ತಪ್ಪಿತು.

ಮುಂದಿನ ವಾರ ತೋರುಬೆರಳು. ಅದರ ಮುಂದಿನ ವಾರ ಕಿರುಬೆರಳು. "ಇಟ್ಟೋಗಿ, ನಾಳೆ ಬನ್ನಿ," ಅಂತ ಮುಖ ಕೊಡದೆ ಕಳಿಸಿದೆ. ಅವನು ಹೋದ ಸ್ವಲ್ಪ ಹೊತ್ತಿಗೆ ಕೋದಂಡಪ್ಪನವರ ಫೋನ್ ಬಂತು.

"ವೆಂಕಿ ಸಿಕ್ಕಿದ್ದ. ಮೂರು ಸಲ ಬಿಚ್ತಂತಲ್ಲಮ್ಮ? ಬೇಜಾರ್ ಮಾಡ್ಕೋಬೇಡ. ಬಿಟ್ಬಿಡು."

ನಾನು ಮೆಷಿನ್ ಮೇಲೆ ತಲೆಯಿಟ್ಟು ಅತ್ತೆ.

"ಏಂಡಿ, ಅತ್ರೆ ಹೊಲಿಗೆ ಕೂಡ್ಕೊಳ್ಳುತ್ತಾ?" ಅಂದಳು ಅಮ್ಮ. "ಎಲ್ಲಿ ತಪ್ಪಾಯ್ತು, ಬೆಳಕಲ್ಲಿ ನೋಡು."

ಗ್ಲೌಸ್ ಹಿಡಿದುಕೊಂಡು ಬಾಗಿಲಿಗೆ ಬಂದೆ. ಎಳೆತಕ್ಕೆ ಬಿಚ್ಚಿದ ಹೊಲಿಗೆಯಲ್ಲಿ ಸೂಜಿತೂತು ಅಗಲವಾಗಿರುತ್ತೆ, ದಾರದ ತುದಿ ಕೆದರಿರುತ್ತೆ. ಇಲ್ಲಿ ತೂತು ಇದ್ದ ಹಾಗೇ ಇತ್ತು. ಒಂದೊಂದು ಹೊಲಿಗೆಯೂ ಸರಿಯಾಗಿ ನಡುವಿಗೆ ತುಂಡಾಗಿತ್ತು. ಬಟ್ಟೆಗೆ ಒಂದು ಗೀರು ತಾಗದ ಹಾಗೆ, ಎಷ್ಟು ಮುತುವರ್ಜಿಯಿಂದ!

ಮಾರನೇ ದಿನ ಅವನು ಬಂದ ಕೂಡಲೇ ಕೇಳಿದೆ. "ಬ್ಲೇಡಾ, ಕತ್ತರೀನಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನ ಕೈ ತಾನಾಗಿ ಶರ್ಟಿನ ಜೇಬಿಗೆ ಹೋಯಿತು.

"ಉಗುರು ಕತ್ರಿ," ಅಂದ ಮೆಲ್ಲಗೆ.

"ಅಯ್ಯೋ ಪಾಪಿ! ಒಂದು ತಿಂಗಳು ಬಿಚ್ಚದಿದ್ರೆ ಅಂಗಡಿಗೆ ತಗೋತೀನಿ ಅಂದಿದ್ರು ಕೋದಂಡಪ್ಪ. ನಿನ್ನೆ ಬೇಡ ಅಂದ್ಬಿಟ್ರು. ನನ್ನ ಹೊಟ್ಟೆ ಮೇಲೆ ಹೊಡೆದ್ಯಲ್ಲೋ!" ಕೋಪದಲ್ಲಿ ಬಹುವಚನ ಎಲ್ಲಿ ಹೋಯಿತೋ ನನಗೇ ಗೊತ್ತಾಗಲಿಲ್ಲ.

ಅವನ ಮುಖದಲ್ಲಿ ರಕ್ತ ಇಂಗಿಹೋಯಿತು. "ನಂಗೊತ್ತಿರ್ಲಿಲ್ಲ. ದೇವ್ರಾಣೆ ಗೊತ್ತಿರ್ಲಿಲ್ಲ. ಗ್ಲೌಸ್ ಒಲಿಸ್ಕೋ ಓಗು ಅಂದ್ರು, ಅಷ್ಟೇ." ಗ್ಲೌಸ್ ಎತ್ತಿಕೊಂಡು ಬಾಗಿಲಿಗೆ ನಡೆದ. "ಗಾಡಿ ಅತ್ತಿ."

ಹಿಂದಿನ ಕಂಬಿ ಬಿಗಿಯಾಗಿ ಹಿಡಿದು ಕೂತೆ. ಗಾಡಿ ನೇರ ಪೇಟೆಗೆ, ಕೋದಂಡಪ್ಪನವರ ಅಂಗಡಿಗೆ ಹೋಯಿತು.

ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ವೆಂಕಿ ಗ್ಲೌಸನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟ. "ಅಣ್ಣಾ, ಒಲಿಗೆ ತಾನಾಗಿ ಬಿಚ್ಲಿಲ್ಲ. ಮೂರು ಸಲಾನೂ ನಾನೇ ಕತ್ರಿಸಿದ್ದು."

"ಯಾಕ್ಲಾ, ತಲೆಗಿಲೆ ಕೆಟ್ಟೈತಾ?"

"ಇವ್ರನ್ನ ನೋಡಕ್ಕೆ. ಗ್ಲೌಸ್ ನೆಟ್ಟಗಿದ್ರೆ ಏನ್ ನೆಪ ಏಳ್ಕೊಂಡು ಓಗ್ಲಿ?"

ಹೆಲ್ಮೆಟ್ ಹಾಕಿ ನೋಡುತ್ತಿದ್ದ ಒಬ್ಬಾತ ಹೆಲ್ಮೆಟ್ಟಿನೊಳಗೇ ಕಿಸಕ್ಕನೆ ನಕ್ಕ. ನನಗೆ ನಾಚಿಕೆ, ಕೋಪ, ಖುಷಿ ಎಲ್ಲ ಒಟ್ಟಿಗೇ ಬಂದು ಕಿವಿ ಬಿಸಿಯಾಯಿತು.

ಕೋದಂಡಪ್ಪ ಗ್ಲೌಸನ್ನು ಎರಡು ಕೈಯಲ್ಲೂ ಹಿಡಿದು ಜಗ್ಗಿದರು. ಇನ್ನೊಮ್ಮೆ ಜಗ್ಗಿದರು. "ಕತ್ರಿ ಇಲ್ದೆ ಬಿಚ್ಚಲ್ಲ ಅಂದ್ರೆ ಒಲಿಗೆ ಗಟ್ಟಿ ಅಂತಾಯ್ತು. ಎಂಟು ಜೊತೆ ಒಲ್ಕೊಂಡು ಬಾಮ್ಮ. ನೀನು, ಕಳ್ಳ ನನ್ಮಗನೇ, ಇನ್ಮೇಲೆ ಕತ್ರಿ ಮುಟ್ಟಿದ್ರೆ ಬೆರಳು ಮುರೀತೀನಿ."

ಹೊರಗೆ ಬೈಕಿನ ಪಕ್ಕ ಅವನು ತಲೆ ತಗ್ಗಿಸಿ ನಿಂತ. ಕೈ ನೋಡಿದೆ. ಮೂರು ವಾರಕ್ಕೆ ಆ ಬದನೆಕಾಯಿ ಬಣ್ಣ ಕೊಂಚ ತಿಳಿಯಾಗಿತ್ತು. ಅಂದರೆ ಬಿಸಿಲಲ್ಲಿ ಒಂದು ದಿನವೂ ಗ್ಲೌಸ್ ತೆಗೆದಿರಲಿಲ್ಲ ಪುಣ್ಯಾತ್ಮ.

"ಇನ್ನು ಕತ್ರಿ ಮುಟ್ಟಲ್ಲ," ಅಂದ. ಆಮೇಲೆ ತಡೆಯಲಾರದೆ, "ಅಂಗಾದ್ರೆ ಇನ್ಮೇಲೆ ನಿಮ್ಮನೆಗೆ ಎಂಗೆ ಬರ್ಲಿ?"

"ಹೊಲಿಗೆ ಬಿಚ್ಚಿದ್ರೆ ಮಾತ್ರ ಬರ್ಬೇಕು ಅಂತ ನಾನು ಯಾವತ್ತಾದ್ರೂ ಹೇಳಿದ್ನಾ?"

ಅವನು ತಲೆಯೆತ್ತಿದ. ಆ ನಗು ಕಣ್ಣಿನಿಂದ ಶುರುವಾಗಿ ಮುಖವೆಲ್ಲ ತುಂಬಿತು. ನಾನು ಬೇಗ ಬೇಗ ಅವನ ಹಿಂದೆ ಹತ್ತಿ ಕೂತೆ. ಈ ಸಲ ಕಂಬಿ ಹಿಡಿಯಲಿಲ್ಲ, ಭುಜ ಹಿಡಿದೆ.

ಅವನು ಗ್ಲೌಸ್ ಹಾಕಿಕೊಂಡ. ಕಿರುಬೆರಳು ಇನ್ನೂ ಹೊರಗೇ ಇಣುಕುತ್ತಿತ್ತು.

"ಮನೆಗೆ ನಡಿ, ಹೊಲಿಗೆ ಹಾಕ್ಕೊಡ್ತೀನಿ," ಅಂದೆ.

ಕೋರಮಂಡಲ್‌ವರೆಗೂ ಗಾಡಿಯನ್ನು ಸೈಕಲ್‌ಗಿಂತ ನಿಧಾನವಾಗಿ ಓಡಿಸಿದ.