ಸತ್ತ ಬ್ಯಾಟರಿ ಎಲ್ಲಿಗೆ ಹೋಗುತ್ತೆ?

"ನಿಮ್ಮ ಗಾಡಿ ಹೊಗೆ ಬಿಡಲ್ಲ, ಒಪ್ಪಿದೆ. ಸತ್ತ ಬ್ಯಾಟರಿ ಎಲ್ಲಿಗೆ ಹೋಗುತ್ತೆ ರೀ?"

ಸೀಟು ಹೊಲಿಯುವವಳು ಹಲ್ಲಿನಲ್ಲಿ ದಾರ ಕಡಿದು ಕೇಳಿದಳು. ಹರಿದ ಸೀಟನ್ನು ಹೆಗಲ ಮೇಲೆ ಹೊತ್ತು ಎದುರಿಗೆ ನಿಂತಿದ್ದವನು ಪಕ್ಕದ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮಿನ ಹೊಸ ಮೆಕ್ಯಾನಿಕ್. ಆ ಶೋರೂಮಿನ ನೆತ್ತಿಯ ಮೇಲೊಂದು ಹಸಿರು ಬೋರ್ಡು: 'ಭೂಮಿತಾಯಿಗೆ ನಮ್ಮ ಉಡುಗೊರೆ'.

ರೆಕ್ಸಿನ್ನನ್ನು ಚರ್ಮವೆಂದು ಮಾರುವವರನ್ನು ದಿನವೂ ಕಾಣುವವಳು ಅವಳು. ಹಸಿರು ಬಣ್ಣಕ್ಕೆ ಸುಲಭವಾಗಿ ಬೀಳುವವಳಲ್ಲ.

ಅವನ ಕಿವಿ ಕೆಂಪಾಯಿತು. "ಕಂಪನಿಯವರು... ವಾಪಸ್ ತಗೋತಾರೆ."

ಸುಳ್ಳು! ಅದೂ ಸುಳ್ಳು ಹೇಳಲು ಬಾರದವನ ಸುಳ್ಳು. ಅವಳಿಗೆ ಕೋಪ ಬರಬೇಕಿತ್ತು. ಬಂದದ್ದು ನಗು.

ಅಂದಿನಿಂದ ಹರಿಯದ ಸೀಟುಗಳೂ ಹೊಲಿಗೆಗೆ ಬರತೊಡಗಿದವು.

"ಇದೆಲ್ಲಿ ಹರಿದಿದೆ?"

"ಹರೀಬಹುದು ಅಂತ..."

ಲಗೇಜ್ ಆಟೋ ಓಡಿಸುವ ಅಪ್ಪ ಮೀಸೆಯಲ್ಲೇ ನಕ್ಕ. "ಪಾಪ, ಆ ಸೀಟಿಗೇನೂ ಆಗಿಲ್ಲ ಮಗಳೇ. ಆಗಿರೋದು ಅವನಿಗೆ."

ಒಂದು ಸಂಜೆ ಅವನು ಅಪ್ಪನ ಮುಂದೆ ನಿಂತು ಅವಳನ್ನು ಮದುವೆಗೆ ಕೇಳಿಯೇಬಿಟ್ಟ. "ಅವಳು ಹೂಂ ಅಂದ್ರೆ ನಂದೂ ಹೂಂ," ಎಂದ ಅಪ್ಪ.

ಅವಳ ಎದೆ ಹೂಂ ಎನ್ನುತ್ತಿತ್ತು. ನಾಲಿಗೆ ಮಾತ್ರ, "ಮೊದ್ಲು ನಿಮ್ಮ ಮನೆ ನೋಡ್ಬೇಕು," ಎಂದಿತು.

ಅವನ ಮುಖದ ಬಣ್ಣ ಇಳಿಯಿತು. "ಈಗ ಬೇಡ... ಸ್ವಲ್ಪ ದಿನ ಹೋಗ್ಲಿ."

ಅವಳ ಸೋದರತ್ತೆಗೆ ಅಷ್ಟೇ ಸಾಕಾಗಿತ್ತು. "ಒಳಗೆ ಯಾರೋ ಇದಾಳೆ ಕಣೇ! ಅವನ ಮನೆ ಒಳಕೋಣೆಗೆ ಯಾವಾಗ್ಲೂ ಬೀಗವಂತೆ. ಸಂಜೆಯಾದ್ರೆ ಚೀಲ ಹೊತ್ಕೊಂಡು ಹೋಗ್ತಾನಂತೆ. ಯಾರಿಗೆ?"

ಹೌದಲ್ಲ, ಯಾರಿಗೆ? ಬ್ಯಾಟರಿಯ ವಿಷಯದಲ್ಲಿ ಸುಳ್ಳು ಹೇಳಿದವನು ಹೆಂಡತಿಯ ವಿಷಯದಲ್ಲಿ ಹೇಳಲಾರನೇ? ಅಂದು ಹೊಲಿದ ಸೀಟನ್ನು ಅವಳು ಬಿಚ್ಚಿ, ಮತ್ತೆ ಹೊಲಿದು, ಮತ್ತೆ ಬಿಚ್ಚಿದಳು.

ಭಾನುವಾರ ಅವನ ಜಗಲಿ ಹತ್ತಿದಳು. ಅವನು ಚಾಪೆ ಸುತ್ತುತ್ತಿದ್ದ.

"ಬೀಗ ತೆಗೀರಿ."

"ಬೇಡ, ಪ್ಲೀಸ್..."

"ತೆಗೀರಿ! ಇಲ್ಲಾಂದ್ರೆ ಇನ್ಯಾವತ್ತೂ ನನ್ನಂಗಡಿ ಮೆಟ್ಟಿಲು ಹತ್ತಬೇಡಿ."

ಬಾಗಿಲು ತೆರೆಯಿತು.

ಮಂಚವಿಲ್ಲ. ಹೆಂಗಸಿಲ್ಲ. ನೆಲದ ತುಂಬ ಮರಳು, ಮರಳಿನ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟ ಸತ್ತ ಬ್ಯಾಟರಿಗಳು. ಕೆಲವು ಹೊಟ್ಟೆ ಊದಿಸಿಕೊಂಡು ಕೂತಿದ್ದವು.

"ಕಂಪನಿ ತಗೊಳ್ಳಲ್ಲ," ಎಂದ ಅವನು. "ಕೆರೆ ಹಿಂದಿನ ಹಳ್ಳಕ್ಕೆ ಸುರಿದು ಬಾ ಅಂತಾರೆ ಮ್ಯಾನೇಜರ್. ಮೊದಲನೇ ಸಲ ಹೋದೆ. ಅಲ್ಲಿ ಮಕ್ಕಳು ನೀರಲ್ಲಿ ಆಡ್ತಿದ್ರು... ಕೈ ಬರ್ಲಿಲ್ಲ. ಮನೆಗೆ ತಂದೆ. ಆಮೇಲೆ ಎಲ್ಲವನ್ನೂ ಇಲ್ಲಿಗೇ ತಂದೆ."

"ನೀವು ಮಲಗೋದು?"

"ಜಗಲೀಲಿ."

"ಅಯ್ಯೋ, ಇವಕ್ಕೆ ಬೆಂಕಿ ಹೊತ್ಕೊಂಡ್ರೆ?"

"ಅದಕ್ಕೇ ನಿಮ್ಮನ್ನ ಕರೀಲಿಲ್ಲ."

ಅವಳ ಕಣ್ಣು ತುಂಬಿತು. "ಒಳಗೆ ಹೆಂಡ್ತಿ ಇದಾಳೆ ಅಂದ್ಕೊಂಡಿದ್ದೆ ಕಣ್ರೀ!"

ಅವನು ಕೋಣೆಯತ್ತ ನೋಡಿದ. "ಇಷ್ಟು ಜನಾನಾ?"

ಅಳು ಅರ್ಧಕ್ಕೇ ನಿಂತು ನಗುವಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಅವಳೆಂದಳು, "ನಾಳೆ ಅಪ್ಪನ ಆಟೋ ತರಿಸ್ತೀನಿ. ಯಾರ ಬ್ಯಾಟರಿಯೋ ಅವರ ಬಾಗಿಲಿಗೇ ಹೋಗ್ಲಿ."

"ನನ್ನ ಕೆಲಸ ಹೋಗುತ್ತೆ."

"ಹೋಗ್ಲಿ. ಹೊಲಿಯೋ ಕೈ ನಂದಿದೆ, ರಿಪೇರಿ ಮಾಡೋ ಕೈ ನಿಮ್ಮದಿದೆ."

ಮರುದಿನ ಆ ಹಸಿರು ಬೋರ್ಡಿನ ಕೆಳಗೇ ಬ್ಯಾಟರಿಗಳನ್ನು ಇಳಿಸಿದರು. ಮ್ಯಾನೇಜರು ಕೂಗಾಡಿ, ಎಲ್ಲರೆದುರೇ ಅವನನ್ನು ಕೆಲಸದಿಂದ ತೆಗೆದ. ಆದರೆ ಗಾಡಿ ಕೊಳ್ಳಲು ಬಂದವರು ಅಲ್ಲೇ ನಿಂತು ಒಬ್ಬೊಬ್ಬರಾಗಿ ಕೇಳತೊಡಗಿದರು. "ಹೌದು ಸಾರ್, ಸತ್ತ ಮೇಲೆ ಇವು ಎಲ್ಲಿಗೆ ಹೋಗ್ತವೆ?"

ಮಧ್ಯಾಹ್ನದೊಳಗೆ ಕಂಪನಿಯ ಲಾರಿ ಬಂತು. ಎಲ್ಲವನ್ನೂ ತುಂಬಿಕೊಂಡು ಹೊರಟಿತು.

"ಅಪ್ಪಾ, ಅದರ ಹಿಂದೇನೇ ಬಿಡು!" ಎಂದು ಅವಳು ಆಟೋದ ಹಿಂಬದಿಗೆ ಹತ್ತಿದಳು. ಅವನೂ ಹತ್ತಿದ. ಅಪ್ಪನ ಹಳೇ ಗಾಡಿ ಕಪ್ಪು ಹೊಗೆ ಕಾರುತ್ತ ಲಾರಿಯ ಬೆನ್ನು ಹಿಡಿಯಿತು.

"ಎಲ್ಲೀವರೆಗೆ ಹೋಗೋದು?" ಅವನು ಕೆಮ್ಮುತ್ತ ಕೇಳಿದ.

"ಅದು ಎಲ್ಲಿ ಇಳಿಸುತ್ತೋ, ಅಲ್ಲೀವರೆಗೆ."

"ಇನ್ನೂ ಅನುಮಾನಾನಾ?"

"ಲಾರಿ ಮೇಲೆ."

"ನನ್ನ ಮೇಲೆ?"

ಅವಳು ಗಾಡಿ ಕುಲುಕಿದಾಗ ಅವನ ಕೈ ಹಿಡಿದುಕೊಂಡಳು. ರಸ್ತೆ ಸಮವಾದ ಮೇಲೂ ಬಿಡಲಿಲ್ಲ.

"ಅವತ್ತು ಅಪ್ಪನ ಮುಂದೆ ಕೇಳಿದ್ರಲ್ಲ, ಅದಕ್ಕೆ ಹೂಂ," ಎಂದಳು, ಕಣ್ಣನ್ನು ಲಾರಿಯ ಮೇಲಿಂದ ತೆಗೆಯದೆ.