ಪಾರ್ಕಿನ ಗೋಡೆಯ ಇನ್ನರ್ಧ

"ಮೊದ್ಲು ಕೆಳಗಿಳೀರಿ."

ಏಣಿಯ ಮೇಲಿದ್ದವನು ತಿರುಗಿ ನೋಡಿದ. ಅವನ ಕೈಯಲ್ಲಿ ಬಿಳಿ ಬಣ್ಣದ ರೋಲರ್ ಇತ್ತು. ಕೆಳಗೆ ನಿಂತಿದ್ದ ಮಹಾನಂದಾಳ ಕಣ್ಣು ಗೋಡೆಯ ಮೇಲಿತ್ತು. ಹಿಂದಿನ ಸಂಜೆ ಬೆನ್ನು ನೋಯಿಸಿಕೊಂಡು ಅವಳು ಸೀಮೆಸುಣ್ಣದಲ್ಲಿ ಬರೆದಿದ್ದ ರೇಖೆಗಳನ್ನು ಆ ರೋಲರ್ ನುಂಗಿಬಿಟ್ಟಿತ್ತು.

"ಮಕ್ಕಳು ಗೀಚಿದಾರೆ ಅಂದ್ಕೊಂಡೆ ಮೇಡಂ..."

ಮಕ್ಕಳು ಗೀಚಿದ್ದು! ಚೆನ್ನಾಗಿ ಜಗಳವಾಡಬೇಕೆಂದು ಬಾಯಿ ತೆರೆದವಳು, ಅಳು ಬಂದುಬಿಟ್ಟೀತೆಂದು ಹೆದರಿ ಸುಮ್ಮನಾದಳು.

ಹೆಬ್ಬಗೋಡಿಯ ಆ ಬಡಾವಣೆಯಲ್ಲಿ ಹೊಸ ನೀರಿನ ಟ್ಯಾಂಕ್ ಎದ್ದಿತ್ತು. ಹೊಸೂರು ರಸ್ತೆಯ ಬಸ್ಸಿನವರಿಗೂ ಕಾಣುವಷ್ಟು ಎತ್ತರ. ಅದರ ಮೇಲೆ ಚಿತ್ರ ಬರೆಯಲು ಮುಂದೆ ಬಂದವರು ಇಬ್ಬರು. ನಿವಾಸಿಗಳ ಸಂಘದ ಅಧ್ಯಕ್ಷ ಗೋಪಾಲಪ್ಪ ಪಾರ್ಕಿನ ಗೋಡೆಯನ್ನು ಎರಡು ಪಾಲು ಮಾಡಿ, "ಅರ್ಧರ್ಧ ಬರೀರಿ. ಯಾರ್ದು ಜನಕ್ಕೆ ಇಡಿಸ್ತದೋ ಅವ್ರಿಗೆ ಟ್ಯಾಂಕು," ಎಂದಿದ್ದರು.

ಮಹಾನಂದಾಳ ಅಪ್ಪ ಅಮರಪ್ಪ, ಅವ್ವ ಸಿದ್ದಕ್ಕ ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಮಗಳು ಚಿತ್ರಕಲೆ ಓದಿ, ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದಳು. ಈ ಊರಲ್ಲಿ ಅವರಿಬ್ಬರೂ ಇಟ್ಟಿಗೆ ಹೊತ್ತ ಕಟ್ಟಡಗಳು ಎಷ್ಟೋ, ಒಂದರ ಮೇಲೂ ಅವರ ಗುರುತಿಲ್ಲ. ಟ್ಯಾಂಕಿನ ಮೇಲಾದರೂ ನಮ್ಮದೊಂದು ಇರಲಿ... ಇದು ಅವಳ ಆಸೆ.

ಏಣಿಯ ಮೇಲಿದ್ದವನೇ ಆ ಇನ್ನೊಬ್ಬ; ಪಾಲು ತಪ್ಪಿ ಅವಳ ಅರ್ಧಕ್ಕೆ ಬಿಳಿ ಬಳಿದಿದ್ದ. ಹೆಸರು ಲಿಖಿತ್. ಸಿಂಗಸಂದ್ರದಲ್ಲಿ ಸ್ವಂತ ಮನೆ, ಒಂದಷ್ಟು ಬಾಡಿಗೆ ಮನೆಗಳು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳ ಕ್ಯಾಂಟೀನ್ ಗೋಡೆಗೆ ಎಲೆ, ಬಳ್ಳಿ, ತ್ರಿಕೋನ ಬರೆದು ಬರೆದು ಬೇಸತ್ತಿದ್ದ. ಮನುಷ್ಯರನ್ನು ಬರೆಯಬೇಕೆಂಬ ಹಸಿವು ಅವನಿಗೆ.

ಅಂದು ಅವನು ತನ್ನ ಕೆಲಸ ಬಿಟ್ಟು ಇಡೀ ದಿನ ಅವಳ ಗೋಡೆಯ ಮುಂದೆ ಗೆರೆ ಹಾಕುವ ದಾರದ ತುದಿ ಹಿಡಿದು ನಿಂತ. ಅಳಿಸಿದ್ದ ರೇಖೆಗಳೆಲ್ಲ ಮತ್ತೆ ಎದ್ದವು, ನಡುವೆ ಒಂದು ಎಮ್ಮೆಯೂ. ಸಂಜೆ ಹೋಗುವ ಮುನ್ನ, "ಒಂದ್ ಮಾತು ಹೇಳ್ಲಾ? ಈ ಎಮ್ಮೆಗೆ ತೂಕ ಇಲ್ಲ. ಗಾಳಿ ಬಂದ್ರೆ ಹಾರೋಗತ್ತೆ," ಎಂದ.

ಎಷ್ಟು ಸೊಕ್ಕು ಇವನಿಗೆ! ರಾತ್ರಿಯಿಡೀ ಉರಿದುಕೊಂಡಳು. ಬೆಳಿಗ್ಗೆ ಎಮ್ಮೆಯ ಹೊಟ್ಟೆಯ ಕೆಳಗೆ ನೆರಳು ಗಾಢ ಮಾಡಿದಳು. ಎಮ್ಮೆ ನೆಲಕ್ಕೂರಿ ನಿಂತಿತು. ಅವನು ಹೇಳಿದ್ದು ನಿಜವಾಗಿತ್ತು. ಅದಕ್ಕೇ ಇನ್ನೂ ಸಿಟ್ಟು.

"ನಿಮ್ಮ ಹೆಂಗಸ್ರೆಲ್ಲ ಒಂದೇ ತಾಯಿ ಮಕ್ಕಳೇನ್ರಿ? ಎಲ್ಲಾರಿಗೂ ಒಂದೇ ಮಾರಿ," ಎಂದಳು, ಅವನ ಗೋಡೆಯ ಮೇಲಿನ ಹೆಂಗಸರ ಸಾಲು ನೋಡಿ.

ಲಿಖಿತ್ ಎಲ್ಲ ಮುಖಗಳನ್ನೂ ಅಳಿಸಿ, ಬಸ್ ಸ್ಟಾಪಿನಲ್ಲಿ ಕೂತು ಕಾರ್ಖಾನೆಗೆ ಹೋಗುವ ಹೆಂಗಸರನ್ನು ನೋಡುತ್ತಾ ಬೆಳಗು ಕಳೆದ. ಮತ್ತೆ ಬರೆದಾಗ ಒಂದೊಂದು ಮುಖಕ್ಕೂ ಒಂದೊಂದು ಯೋಚನೆ ಬಂದಿತ್ತು.

ಹೀಗೆ ಒಬ್ಬರ ತಪ್ಪು ಒಬ್ಬರು ಹುಡುಕುತ್ತಾ ಇಬ್ಬರೂ ಬೆಳೆದರು. 'ನೀವು' ಹೋಗಿ 'ನೀನು' ಬಂತು. ಸಿದ್ದಕ್ಕ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಅವನಿಗೂ ಪಾಲು ಬಂತು. ತನ್ನ ಚಿತ್ರದ ನಡುಭಾಗಕ್ಕೆ ಮಾತ್ರ ಅವನು ಟಾರ್ಪಲ್ ಇಳಿಬಿಟ್ಟಿದ್ದ.

"ಮುಗಿಯೋವರ್ಗೂ ನೋಡ್ಬೇಡ ಕಣೆ."

ಅವಳು ನೋಡಲಿಲ್ಲ. ಇವನು ಸೋಲಬಾರದು... ನಾನೂ ಸೋಲಬಾರದು... ಇದೆಂಥ ಆಸೆ ನನ್ನದು? ಬ್ರಷ್ ತೊಳೆಯುವಾಗಲೆಲ್ಲ ಅದೇ ಯೋಚನೆ.

ಭಾನುವಾರ ಜನ ಸೇರಿದರು. ಟಾರ್ಪಲ್ ಇರಲಿಲ್ಲ. ಅವನ ಚಿತ್ರದ ನಡುವೆ ಆಳೆತ್ತರಕ್ಕೆ ಬರೀ ಬಿಳಿ ಬಳಿದಿತ್ತು. ಎಲ್ಲರೂ ಮಹಾನಂದಾಳ ಕಡೆಗೇ ಕೈ ಎತ್ತಿದರು. ಚಪ್ಪಾಳೆಯ ನಡುವೆ ಗೇಟಿನತ್ತ ಹೊರಟಿದ್ದವನನ್ನು ಅವಳು ಅಡ್ಡಗಟ್ಟಿದಳು.

"ಬಿಟ್ಟುಕೊಟ್ಟೆಯಾ?"

"ಸರಿ ಬಂದಿರ್ಲಿಲ್ಲ. ಅಳಿಸ್ದೆ."

"ಸುಳ್ಳು. ಬಾಡಿಗೆ ಮನಿ ಹುಡುಗಿ, ಪಾಪ ಗೆದ್ಕೊಳ್ಲಿ ಅಂತನಾ?"

ಅವನು ತಲೆ ತಗ್ಗಿಸಿದ. ಅದು ಅವಳಿಗೆ ಹೌದೆಂದೇ ಕಂಡಿತು. ತನ್ನ ಕೆಲಸಕ್ಕೆ ಇಷ್ಟೇನಾ ಅವನು ಕೊಟ್ಟ ಬೆಲೆ? ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದಳು. ಟ್ಯಾಂಕಿನ ಹತ್ತಿರವೂ ಸುಳಿಯಲಿಲ್ಲ.

ಒಂದು ಮಧ್ಯಾಹ್ನ ಅವನ ತಾಯಿ ಭಾಗ್ಯಮ್ಮ ಮಹಾನಂದಾಳ ಮನೆ ಹುಡುಕಿಕೊಂಡು ಬಂದರು.

"ನನ್ನ ಮಗನ್ನ ತಪ್ಪು ತಿಳೀಬೇಡ ಕಣವ್ವ. ಟಾರ್ಪಲ್ ಹಿಂದೆ ಬಸ್ಸಿಗೆ ಕಾಯೋ ಒಂದ್ ಹುಡುಗೀನ ಬರ್ದಿದ್ದ. ನಂಗೆ ತೋರಿಸ್ದ. ಅದು ನಿನ್ನ ಮುಖ. ಯಾರೋ ಇಬ್ರು ಎತ್ತಿ ನೋಡಿ, ಇವರಿಬ್ರಿಗೂ ಏನೋ ಐತೆ ಅಂತ ಆಡ್ಕೊಂಡ್ ನಕ್ರಂತೆ. ನಿಂಗೆ ಕೆಟ್ಟೆಸ್ರು ಬಂದಾತು ಅಂತ ಅವತ್ತೇ ಬಳ್ದುಬಿಟ್ಟ. ನಾನ್ ಇಂಗೆ ಬಂದಿದ್ದು ಅವ್ನಿಗೆ ಗೊತ್ತಿಲ್ಲ."

ಮೂಲೆಯಲ್ಲಿ ಕೂತಿದ್ದ ಸಿದ್ದಕ್ಕ ಮೆಲ್ಲಗೆ ಕೇಳಿದಳು, "ಮಾರಿ ಚಂದ ಇತ್ತೇನ್ರೀ?"

"ನೋಡಿ ಕಣ್ ತುಂಬ್ಕೊಂತು ಕಣಮ್ಮ," ಎಂದರು ಭಾಗ್ಯಮ್ಮ.

ಆ ಸಂಜೆ ಮಹಾನಂದಾ ಲಿಖಿತ್‌ನನ್ನು ಗೋಡೆಯ ಹತ್ತಿರ ಕರೆಸಿದಳು.

"ಮಾರಿ ನಂದು. ಬರಿಯೋವಾಗ ಕೇಳ್ಲಿಲ್ಲ, ಅಳಿಸೋವಾಗ್ಲೂ ಕೇಳ್ಲಿಲ್ಲ. ಜನಕ್ಕ ನಾ ಹೆದರ್ತೀನಿ ಅಂತ ನಿಂಗ ಯಾರು ಹೇಳಿದ್ರು?"

"ನೀನ್ ಹೆದರ್ತೀಯ ಅಂತಲ್ಲ," ಅವನ ದನಿ ತಗ್ಗಿತು. "ನಾನು ಹೆದರ್ದೆ. ನಿನ್ನ ಪ್ರೀತಿಸ್ತೀನಿ ಮಹಾನಂದಾ. ನೀನು ಬೇಡ ಅಂದ್ರೆ ಗೆಳತೀನೂ ಹೋಗ್ತಾಳೆ, ನನ್ನ ತಪ್ಪು ಹಿಡಿಯೋಳೂ ಹೋಗ್ತಾಳೆ... ಆಮೇಲೆ ಯಾರಿಗೋಸ್ಕರ ಬರೀಲಿ?"

ಅವಳ ಎದೆ ತುಂಬಿ ಬಂತು. ಆದರೂ ಮಾತು ಗಟ್ಟಿಯಾಗಿಯೇ ಇತ್ತು.

"ನಾಳೆಯಿಂದ ಬಂದು ಇಲ್ಲಿ ನಿಲ್ತೀನಿ. ನೋಡ್ಕೊಂಡು ಬರಿ. ಎಲ್ಲಾರ ಮುಂದೆ. ಮುಂದಿನ ಭಾನುವಾರ ಮತ್ತ ಕೈ ಎತ್ತಸ್ರಿ ಅಂತ ಗೋಪಾಲಪ್ಪನೋರಿಗೆ ಹೇಳೀನಿ."

"ಗೆದ್ದಿರೋದ್ನ ಯಾಕೆ ಬಿಡ್ತೀಯ?"

"ನೀ ಬರೀಲಾರ್ದಾಗ ಗೆದ್ದಿದ್ದು ನಂಗ ಬೇಡ."

ಭಾನುವಾರ ಮತ್ತೆ ಜನ ಸೇರಿದರು. ಬಸ್ಸಿಗೆ ಕಾಯುತ್ತಿದ್ದ ಹುಡುಗಿಯ ಮುಂದೆ ನಿಂತವರು ಬೇಗ ಕದಲಲಿಲ್ಲ. ಕೆಲವೇ ಕೈಗಳ ಅಂತರದಲ್ಲಿ ಟ್ಯಾಂಕ್ ಲಿಖಿತ್‌ಗೆ ಹೋಯಿತು. ಸಿದ್ದಕ್ಕ ಮಾತ್ರ ಇದ್ಯಾವುದನ್ನೂ ಕೇಳದೆ, ಗೋಡೆಯ ಮೇಲಿನ ಮಗಳ ಕೆನ್ನೆಯನ್ನು ಸವರುತ್ತಾ ನಿಂತಿದ್ದಳು.

ಜನ ಚದುರಿದ ಮೇಲೆ ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು.

"ಬೇಜಾರಾಯ್ತಾ?" ಅವನು ಅಂಜುತ್ತಲೇ ಕೇಳಿದ.

"ಭಾಳ." ಅವಳ ಕಣ್ಣಲ್ಲಿ ನೀರಿತ್ತು. ಒರೆಸಿಕೊಳ್ಳಲಿಲ್ಲ.

"ನನ್ನ ಮೇಲಾ?"

"ನಿನ್ನ ಚಿತ್ರದ ಮ್ಯಾಲೆ." ಅವಳು ಅವನ ಬಣ್ಣ ಮೆತ್ತಿದ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ನಿನ್ನ ಮ್ಯಾಲೆ ಪ್ರೀತಿ ಐತಿ. ಎರಡೂ ಇರ್ತಾವ. ತಡ್ಕೊತೀಯೇನು?"

"ತಡ್ಕೊತೀನಿ," ಎಂದ ಅವನು. "ನಮ್ಮಮ್ಮನ್ನ ಯಾವಾಗ ಕರ್ಕೊಂಡ್ ಬರ್ಲಿ?"

"ಮೊದ್ಲು ನನ್ನ ಸಿಟ್ಟು ಇಳೀಲಿ."

"ಯಾವಾಗ ಇಳಿಯತ್ತೆ?"

ಅವಳು ಅವನ ಭುಜಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದಳು.

"ನಾಳೆ ಸಂಜೀಕ ಬರ್ರಿ."